ಹನ್ನೊಂದನೆಯ ವಚನಕ್ಕೆ ಮೊದಲು ಹತ್ತನೆಯದಿದೆ

ನಮ್ಮ ಕ್ರೈಸ್ತ ಮನೆಗಳ ಗೋಡೆ ಕ್ಯಾಲೆಂಡರಿನಲ್ಲಿ, ಹುಟ್ಟುಹಬ್ಬದ ಕಾರ್ಡಿನಲ್ಲಿ, ಕಾಯಿಲೆ ಬಿದ್ದವರ ವಾಟ್ಸಾಪಿನಲ್ಲಿ ತಪ್ಪದೆ ಸಿಗುವ ವಾಕ್ಯ ಯೆರೆಮೀಯ 29:11, ಅಂದರೆ ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 29ನೆಯ ಅಧ್ಯಾಯದ 11ನೆಯ ವಚನ. ನಿಮ್ಮ ವಿಷಯದಲ್ಲಿ ನನಗಿರುವವು ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ ಎಂದು ದೇವರು ಹೇಳುವ ಮಾತು. ನನಗೂ ಬಹಳ ಪ್ರಿಯ. ಆದರೆ ಅವ್ವನ ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಶುರುವಾದ ಮೇಲೆ ಈ ಒಂದೇ ವಾಕ್ಯ ನಮ್ಮ ಮನೆಗೆ ಎಷ್ಟು ಸಲ ಬಂತೆಂದರೆ, ಕೊನೆಗೆ ಸತ್ಯವೇದ (ಬೈಬಲ್) ತೆಗೆದು ಅದರ ಹಿಂದುಮುಂದಿನದನ್ನೆಲ್ಲ ಓದಿದೆ. ಇವತ್ತಿಗೂ ನಮ್ಮ ಮನೆಯನ್ನು ಎತ್ತಿ ಹಿಡಿದಿರುವುದು ಆ ಹಿಂದುಮುಂದಿನ ಮಾತುಗಳೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ವಾಕ್ಯ ಇರುವುದು ಯೆರೆಮೀಯ ಬರೆದ ಒಂದು ಪತ್ರದಲ್ಲಿ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಗೆದ್ದು ಅಲ್ಲಿನ ರಾಜ, ಅಧಿಕಾರಿಗಳು, ಕುಶಲಕರ್ಮಿಗಳು, ಕಮ್ಮಾರರು ಎಲ್ಲರನ್ನೂ ಸೆರೆ ಒಯ್ದ. ದೇವಾಲಯದ ಪಾತ್ರೆಗಳೂ ಹೋದವು. ಆಗ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಯಾಜಕರ ಎದುರಿಗೇ ನಿಂತು, ಇನ್ನು ಎರಡೇ ವರ್ಷ, ಪಾತ್ರೆಗಳೂ ಬರುತ್ತವೆ, ಹೋದವರೂ ಬರುತ್ತಾರೆ ಎಂದು ಸಾರಿದ. ಜನಕ್ಕೆ ಎಷ್ಟು ಹಾಯೆನಿಸಿರಬೇಕು! ಯೆರೆಮೀಯನೂ ಮೊದಲು ಹೇಳಿದ್ದು 'ಆಮೆನ್, ಹಾಗೇ ಆಗಲಿ' ಅಂತಲೇ. ಅವನಿಗೂ ತನ್ನ ಜನ ವಾಪಸು ಬರುವುದೇ ಬೇಕಾಗಿತ್ತು. ಆದರೆ ದೇವರು ಅವನಿಗೆ ಕೊಟ್ಟ ಮಾತು ಬೇರೆ ಇತ್ತು. ಸೆರೆಹೋದವರಿಗೆ ಅವನು ಬರೆದ ಪತ್ರದಲ್ಲಿ ಎರಡು ವರ್ಷ ಇಲ್ಲ, ಎಪ್ಪತ್ತು ವರ್ಷ ಇದೆ. ಅದೇ ಹತ್ತನೆಯ ವಚನ. ಹಿತದ ಯೋಚನೆಯ ಮಾತು ಬರುವುದು ಅದರ ಬೆನ್ನಿಗೆ.

ಎಪ್ಪತ್ತು ವರ್ಷ ಅಂದರೆ, ಪತ್ರ ಓದಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ನೋಡದೆಯೇ ಸಾಯುತ್ತಾರೆ ಎಂದರ್ಥ. ಅಂಥವರಿಗೆ ದೇವರು ಹೇಳಿ ಕಳಿಸಿದ್ದೇನು? ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರ ಫಲ ಉಣ್ಣಿ. ಮಕ್ಕಳಿಗೆ ಮದುವೆ ಮಾಡಿ. ನಿಮ್ಮನ್ನು ಸೆರೆಯಿಟ್ಟ ಆ ಪಟ್ಟಣದ ಕ್ಷೇಮಕ್ಕಾಗಿಯೂ ಪ್ರಾರ್ಥಿಸಿ. ಕ್ರೈಸ್ತ ನಿರೀಕ್ಷೆ ಅಂದರೆ ಇದು ಎಂದು ನಾನು ಈಗ ನಂಬುತ್ತೇನೆ. ಕಷ್ಟ ಮುಗಿಯುವ ದಿನಾಂಕ ಗೊತ್ತಿರಬೇಕಾಗಿಲ್ಲ. ಕಷ್ಟದ ಒಳಗೇ ಬದುಕು ಕಟ್ಟಲು ದೇವರ ಅಪ್ಪಣೆ ಇದೆ, ದೇವರು ಅಲ್ಲೂ ಇದ್ದಾನೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹನನ್ಯರು ಈಗಲೂ ಮನೆಗೆ ಬರುತ್ತಾರೆ. ನಮ್ಮ ಸಭೆಯವರಲ್ಲದ ಒಬ್ಬರು ಬಂದು, ಇಷ್ಟು ದಿನ ಉಪವಾಸ ಪ್ರಾರ್ಥನೆ ಮಾಡಿದರೆ ಡಯಾಲಿಸಿಸ್ಸೇ ಬೇಕಾಗುವುದಿಲ್ಲ, ವಿಶ್ವಾಸವಿದ್ದರೆ ಈಗಲೇ ನಿಲ್ಲಿಸಿ ಎಂದರು. ಡಯಾಲಿಸಿಸ್ ಬಿಟ್ಟರೆ ಉಪ್ಪು, ನೀರು, ಪೊಟ್ಯಾಶಿಯಂ ಮೈಯಲ್ಲೇ ಉಳಿದು ಉಸಿರು ಕಟ್ಟುತ್ತದೆ, ಹೃದಯ ನಿಲ್ಲಬಹುದು. ನಾವು ನಿಲ್ಲಿಸಲಿಲ್ಲ, ದೇವರಿಗೆ ಸ್ತೋತ್ರ. ಆದರೆ ಅವರು ಹೇಳಿದ ದಿನ ಬಂದು ಹೋದ ಮೇಲೆ ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿ, 'ನನ್ನ ವಿಶ್ವಾಸನ ಕಡಿಮಿ ಬಿತ್ತೇನಪಾ' ಅಂದಳು. ಕಾಯಿಲೆ ಮಾಡದ ಗಾಯವನ್ನು ಆ ಮಾತು ಮಾಡಿತ್ತು. ನನಗೆ ಇನ್ನೂ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಆ ರಾತ್ರಿ ಅವ್ವನಿಗೆ ಯೇಸುವಿನ ಅಪೊಸ್ತಲ ಪೌಲನ ಮಾತು ಓದಿ ಹೇಳಿದೆ. ಶರೀರದಲ್ಲಿ ನಾಟಿದ ಶೂಲ ತೆಗೆದುಬಿಡು ಎಂದು ಪೌಲ ಮೂರು ಸಲ ಬೇಡಿಕೊಂಡ. ಶೂಲ ಹೋಗಲಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು. ಪೌಲನಿಗೆ ವಿಶ್ವಾಸ ಕಡಿಮೆ ಇತ್ತೆಂದು ಯಾರಾದರೂ ಹೇಳುತ್ತಾರೆಯೇ? ಆಮೇಲೆ ಯೆರೆಮೀಯನ ಪತ್ರವನ್ನೂ ಓದಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದು, 'ಎರಡ ವರ್ಷ ಅಂದಾಂವ ಬರೇ ಕಾಯೂದ ಕಲಿಸಿದಾ. ಎಪ್ಪತ್ತ ಅಂದಾಂವ ಮನಿ ಕಟ್ಟೂದ ಕಲಿಸಿದಾ' ಅಂದಳು. ನಾನು ಕೇಳಿದ ಎಷ್ಟೋ ಪ್ರಸಂಗಗಳಿಗಿಂತ ಅದು ದೊಡ್ಡದು.

ಅವ್ವನ ಈಗಿನ ಬದುಕು ಹೀಗಿದೆ. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ತಾಸು ಮಷೀನಿನ ಪಕ್ಕ. ಎಡಗೈಯಲ್ಲಿ ಫಿಸ್ಟುಲಾ ಇದೆ, ಡಯಾಲಿಸಿಸ್ಸಿನ ಸೂಜಿ ಚುಚ್ಚಲೆಂದು ಎರಡು ರಕ್ತನಾಳ ಜೋಡಿಸಿ ಮಾಡಿದ್ದು. ಬೆರಳಿಟ್ಟರೆ ಒಳಗೆ ರಕ್ತ ಜುಮುಜುಮು ಹರಿಯುವುದು ತಿಳಿಯುತ್ತದೆ. ಆ ಕೈಯಿಂದ ಕೊಡ ಎತ್ತುವಂತಿಲ್ಲ, ಬಿಪಿ ನೋಡಿಸುವಂತಿಲ್ಲ. ಎಳನೀರು, ಬಾಳೆಹಣ್ಣು ಬಿಟ್ಟಾಯಿತು. ನೀರು ಅಳತೆಯ ಮೇಲೆ. ಬೇಸಿಗೆಯಲ್ಲಿ ಅದು ನಿಜವಾದ ಹಿಂಸೆ. ಇಷ್ಟರ ನಡುವೆ ಹಳೆ ಸೀರೆಗಳನ್ನು ಹರಿದು ಮೊಮ್ಮಗಳಿಗೆ ಕೌದಿ ಹೊಲಿಯಲು ಕೂತಿದ್ದಾಳೆ. ಆಸ್ಪತ್ರೆಯ ದಿನ ಕೈ ಸೋತಿರುತ್ತದೆ, ಉಳಿದ ದಿನಗಳಲ್ಲಿ ಸಾಲು ಸಾಲಾಗಿ ಹೊಲಿಯುತ್ತಾಳೆ. ಮೊಮ್ಮಗಳಿಗೆ ಈಗ ಆರನೇ ಕ್ಲಾಸು, ಕೌದಿ ಅವಳ ಮದುವೆಗಂತೆ.

ಯೆರೆಮೀಯನೂ ಇಂಥದ್ದೇ ಮಾಡಿದ್ದ, 32ನೆಯ ಅಧ್ಯಾಯ ಓದಿ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಅವನನ್ನು ಕಾರಾಗೃಹದ ಅಂಗಳದಲ್ಲಿ ಇಟ್ಟಿದ್ದಾರೆ. ಆಗ ಚಿಕ್ಕಪ್ಪನ ಮಗ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಅನ್ನುತ್ತಾನೆ. ನಾಳೆ ಶತ್ರುವಿನ ಪಾಲಾಗುವ ಹೊಲ! ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿಗಳ ಸಹಿ ಹಾಕಿಸಿ, ಕ್ರಯಪತ್ರ ಬಹುಕಾಲ ಉಳಿಯಲಿ ಎಂದು ಮಣ್ಣಿನ ಮಡಕೆಯಲ್ಲಿ ಇಡಿಸಿದ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ಕೊಡು-ಕೊಳ್ಳುವಿಕೆ ನಡೆಯುತ್ತದೆ ಎಂದು ದೇವರು ಹೇಳಿದ್ದಕ್ಕೆ ಅವನು ಕೊಟ್ಟ ಸಾಕ್ಷಿ ಅದು. ಮುತ್ತಿಗೆ ಮಾತ್ರ ತಪ್ಪಲಿಲ್ಲ, ಪಟ್ಟಣ ಬಿದ್ದೇ ಬಿತ್ತು.

ಯೇಸು ಸ್ವಾಮಿಯ ಪುನರುತ್ಥಾನವನ್ನೂ ನಾನು ಹೀಗೇ ಹಿಡಿದುಕೊಂಡಿದ್ದೇನೆ. ಎದ್ದು ಬಂದ ಮೇಲೂ ಕೈಯಲ್ಲಿ ಮೊಳೆಯ ಗುರುತು ಇತ್ತು, ನಂಬದೆ ನಿಂತಿದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದನು. ಗಾಯವೇ ಆಗಿಲ್ಲ ಎನ್ನುವ ದೇವರು ನಮಗೆ ಸಿಕ್ಕಿದ್ದರೆ ಅವ್ವನ ತೂತುಬಿದ್ದ ತೋಳನ್ನು ಯಾರ ಮುಂದೆ ಚಾಚುವುದು?

ನಮ್ಮ ಸಭೆಯವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಸ್ತ್ರೀಯರ ಕೂಟದ ಒಬ್ಬ ಅಕ್ಕ ನಮ್ಮನ್ನು ಕೇಳದೆಯೇ ವಾರದ ಒಂದು ದಿನ ತನ್ನದೆಂದು ಇಟ್ಟುಕೊಂಡಳು. ಬೆಳಿಗ್ಗೆ ಬಂದು ಅವ್ವನ ಜೊತೆ ಆಟೋ ಹತ್ತುತ್ತಾಳೆ. ಪಕ್ಕದ ಬೆಡ್ಡಿನ ಮುಸ್ಲಿಂ ಅಜ್ಜಿಗೂ ಸೇರಿಸಿ ಉಪ್ಪು ಕಡಿಮೆ ಹಾಕಿದ ಉಪ್ಪಿಟ್ಟು ತರುತ್ತಾಳೆ. ಪಟ್ಟಣದ ಕ್ಷೇಮ ಅಂತ ಯೆರೆಮೀಯ ಬರೆದದ್ದು ಆ ಡಬ್ಬಿಯಲ್ಲಿ ನನಗೆ ಕಂಡಿದೆ.

ಅವ್ವ ಪೂರ್ತಿ ಗುಣವಾಗಲಿ ಎಂದು ನಾನು ಈಗಲೂ ದಿನಾ ಬೇಡುತ್ತೇನೆ. ಯೆರೆಮೀಯನೂ 'ಆಮೆನ್' ಅಂದಿದ್ದನಲ್ಲ. ಬರುವವರು ಬನ್ನಿ, ಪ್ರಾರ್ಥಿಸಿ, 29:11 ಖಂಡಿತ ಓದಿ. ಆದರೆ ನಾಲ್ಕನೆಯ ವಚನದಿಂದ ಓದಿಕೊಂಡು ಬನ್ನಿ, ಹತ್ತನೆಯದನ್ನು ಹಾರಿಸಬೇಡಿ. ಓದಿ ಮುಗಿದ ಮೇಲೆ, ಮುಂದಿನ ಡಯಾಲಿಸಿಸ್ ಯಾವತ್ತು, ಜೊತೆಗೆ ಯಾರು ಹೋಗುತ್ತಾರೆ ಎಂದು ಕೇಳಿ.