ಆ ಚಮಕಿ ಯಾರು ಹೊಲಿದಿದ್ದು ಅಂತ ಒಬ್ಬರಾದರೂ ಕೇಳಬಾರದಿತ್ತಾ?

ಶನಿವಾರ ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ಗೆ ತೊಗರಿಬೇಳೆ, ಕರಿಬೇವು ತರೋಕೆ ಹೋಗಿದ್ದೆ. 74ನೇ ಬೀದಿಯಲ್ಲಿ ನಮ್ಮ ಅಂಗಡಿಗಳು ಮುಗಿದು, ಏಳನೇ ನಂಬರ್ ರೈಲಿನ ಕಂಬಗಳ ಕೆಳಗೆ ಬಂದರೆ ರೂಸ್‌ವೆಲ್ಟ್ ಅವೆನ್ಯೂ. ಅಲ್ಲಿಂದ ಆಚೆ ಮಾತೆಲ್ಲ ಸ್ಪ್ಯಾನಿಷ್. ಅಲ್ಲೇ ಒಂದು ನೆಲಮಾಳಿಗೆ ಹಾಲ್‌ನಲ್ಲಿ ಲ್ಯಾಟಿನಾ ಟ್ರಾನ್ಸ್ ಹೆಣ್ಣುಮಕ್ಕಳ, ಅಂದರೆ ಹುಟ್ಟಿನಲ್ಲಿ ಗಂಡು ಅನ್ನಿಸಿಕೊಂಡು ಹೆಣ್ಣಾಗಿ ಬದುಕುವವರ, ಫ್ಯಾಷನ್ ಶೋ ಇತ್ತು. ಮೆಕ್ಸಿಕೊ, ಈಕ್ವೆಡಾರ್, ಕೊಲಂಬಿಯಾ ಕಡೆಯವರು. ತೊಟ್ಟಿದ್ದೆಲ್ಲ ಅವರೇ ಹೊಲಿದುಕೊಂಡಿದ್ದು. ಬೇಳೆ ಚೀಲ ತೊಡೆ ಮೇಲೆ ಇಟ್ಟುಕೊಂಡು ಮುಂದಿನ ಸಾಲಲ್ಲೇ ಕೂತೆ.

ನಾನು ಟೈಲರ್ ಮಗಳು ಅಂತ ನಿಮಗೆಲ್ಲ ಗೊತ್ತು. ಗದಗಿನಲ್ಲಿ ಅವ್ವನ ಮಷೀನ್ ಸದ್ದಿನಲ್ಲೇ ಹೋಂವರ್ಕ್ ಮಾಡಿದವಳು. ನನಗೆ ಮುಖ ಆಮೇಲೆ, ಮೊದಲು ಕಾಣೋದು ಹೊಲಿಗೆ.

ಏನು ಹೊಲಿಗೆ ಮಾರಾಯ್ರೆ! ಹಸಿರು ಗೌನ್ ತೊಟ್ಟ ಒಬ್ಬಾಕೆ ಎರಡೂ ಕೈ ಪೂರ್ತಿ ಮೇಲೆತ್ತಿ ತಿರುಗಿದಳು. ಗೌನ್ ಒಂದು ಇಂಚು ಮೇಲೆ ಸರಿಯಲಿಲ್ಲ. ಅಗಲ ಭುಜ, ಸಣ್ಣ ಸೊಂಟ ಇರೋ ಮೈಗೆ ರೆಡಿಮೇಡ್ ಗೌನ್ ಹಾಕಿ ಕೈ ಎತ್ತಿದರೆ ಏನಾಗುತ್ತೆ ಅಂತ ಹೊಲಿಯೋರನ್ನ ಕೇಳಿ. ಕಂಕುಳಲ್ಲಿ ಚೌಕದ ತುಂಡು ಕೂಡಿಸಿದ್ದಾಳೆ ಅಂತ ಅಲ್ಲಿಂದಲೇ ಗೊತ್ತಾಯಿತು. ಎದೆಯಿಂದ ಮಂಡಿವರೆಗೆ ಚಮಕಿ, ಒಂದೊಂದೂ ಕೈಯಲ್ಲಿ ಹಾಕಿದ್ದು. ಚಮಕಿಗೆ ಸ್ಪ್ಯಾನಿಷ್‌ನಲ್ಲಿ ‘ಲೆಂತೆಹ್ವೇಲಾ’ ಅಂತಾರೆ. ಅಂದರೆ ಪುಟ್ಟ ಬೇಳೆ ಕಾಳು. ನನ್ನ ಚೀಲ ನೋಡಿ ನನಗೇ ನಗು ಬಂತು.

ಶೋ ಮುಗಿದು ಮೈಕ್ ಪ್ರೇಕ್ಷಕರ ಕೈಗೆ ಬಂತು ನೋಡಿ, ಅಲ್ಲಿಂದ ಶುರುವಾಯಿತು ನನ್ನ ಪಿತ್ತ ನೆತ್ತಿಗೇರೋದು.

ಮೊದಲ ಪ್ರಶ್ನೆ, ‘ನಿಮ್ಮ ನೋವಿನ ಬಗ್ಗೆ ಹೇಳ್ತೀರಾ?’ ಎರಡನೆಯದು, ‘ಮನೆಯವರು ಹೊರಗೆ ಹಾಕಿದಾಗ ಹೇಗನ್ನಿಸಿತು?’ ಮೂರನೆಯವರು ಪ್ರಶ್ನೆಯನ್ನೇ ಕೇಳಲಿಲ್ಲ, ಸುಮ್ನೆ ಅತ್ತರು. ಆ ಚಮಕಿಗೆ ಎಷ್ಟು ರಾತ್ರಿ ಹಿಡಿಯಿತು, ಬಟ್ಟೆ ಎಲ್ಲಿ ಸಿಕ್ಕಿತು, ಒಬ್ಬರೂ ಕೇಳಲಿಲ್ಲ. ಬೇರೆ ಯಾವ ಡಿಸೈನರ್‌ಗಾದರೂ ಹೀಗೆ ಕೇಳ್ತೀವಾ? ‘ಸರ್, ಕಾಲರ್ ಚೆನ್ನಾಗಿದೆ, ನಿಮ್ಮಪ್ಪ ಹೊಡೀತಿದ್ರಾ?’

ನನ್ನ ಜೊತೆ ಬಂದಿದ್ದ ಹುಡುಗಿ ವಾಪಸ್ ಬರುವಾಗ ರೈಲಿನಲ್ಲಿ, ‘ಆದ್ರೂ ಅಕ್ಕಾ, ಅವರ ಕಷ್ಟ ನಿಜ ಅಲ್ವಾ? ಅದನ್ನ ಕೇಳದೆ ಬರೀ ಬಟ್ಟೆ ಬಗ್ಗೆ ಮಾತಾಡಿದ್ರೆ ತಪ್ಪಾಗಲ್ವಾ?’ ಅಂದಳು. ಕಷ್ಟ ಇಲ್ಲ ಅಂತ ಯಾರು ಹೇಳಿದ್ರು? ಇದೇ ರಸ್ತೆಗಳಲ್ಲಿ ತಳ್ಳುಗಾಡಿ ಎಳೆದುಕೊಂಡು ಊಟ, ಕಾಂಡೋಮ್ ಹಂಚುತ್ತಿದ್ದ ಮೆಕ್ಸಿಕೊದ ಟ್ರಾನ್ಸ್ ಹೋರಾಟಗಾರ್ತಿ ಲೊರೆನಾ ಬೋರ್ಹಾಸ್ 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಹೋದರು. ಈಗ ಅಲ್ಲೊಂದು ಬೀದಿಗೆ ಅವರ ಹೆಸರಿದೆ. ಅದಕ್ಕಿಂತ ಮುಖ್ಯ, ನ್ಯೂಯಾರ್ಕ್‌ನಲ್ಲಿ 1976ರ ಒಂದು ಕಾನೂನಿತ್ತು. ವೇಶ್ಯಾವೃತ್ತಿಗೆ ನಿಂತಿದ್ದಾರೆ ಅಂತ ಅನುಮಾನದ ಮೇಲೆ ಹಿಡಿಯಬಹುದಿತ್ತು. ಬಿಗಿ ಲಂಗ, ಗಿಡ್ಡ ಅಂಗಿಯನ್ನೇ ಪೊಲೀಸರು ಸಾಕ್ಷಿ ಅಂತ ಬರೆದುಕೊಳ್ಳುತ್ತಿದ್ದರು. ಅದು ರದ್ದಾಗಿದ್ದು 2021ರಲ್ಲಿ. ಲಂಗ ತೊಟ್ಟಿದ್ದಕ್ಕೇ ಜೈಲಿಗೆ ಹೋಗಬೇಕಿದ್ದ ರಸ್ತೆ ಪಕ್ಕ ಒಬ್ಬಳು ಲಂಗ ಹೊಲಿದು ತೊಟ್ಟು ನಿಂತಿದ್ದಾಳೆ. ಹಾಗಾದರೆ ಲಂಗದ ಬಗ್ಗೆ ಅಲ್ವಾ ತಾಯಿ ಕೇಳಬೇಕಾದ್ದು?

ಲಾಸ್ ಏಂಜಲಿಸ್‌ನವರಿಗೆ ಇದು ಚೆನ್ನಾಗಿ ಗೊತ್ತು. ಗ್ವಾದಲಹಾರದಿಂದ ಬಂದ ಬಾಂಬಿ ಸಾಲ್ಸೆಡೊ 2009ರಲ್ಲಿ ಕಟ್ಟಿದ ಟ್ರಾನ್ಸ್‌ಲ್ಯಾಟಿನಾ ಒಕ್ಕೂಟ ಅಲ್ಲಿದೆ. ಅವರ ಫ್ಯಾಷನ್ ಶೋ ಹೆಸರು ‘ಗಾರ್ರಾಸ್’. ಆ ಮಾತಿಗೆ ಪಂಜದ ಉಗುರು ಅಂತಲೂ ಅರ್ಥ, ಮೆಕ್ಸಿಕೊದ ಆಡುಮಾತಿನಲ್ಲಿ ಚಿಂದಿ ಬಟ್ಟೆ ಅಂತಲೂ ಅರ್ಥ. ಇನ್ನು ನಮ್ಮ ನ್ಯೂಯಾರ್ಕಲ್ಲಿದ್ದ ಅರ್ಜೆಂಟೀನಾದ ಟ್ರಾನ್ಸ್ ಕಲಾವಿದೆ ಸೆಸಿಲಿಯಾ ಜೆಂಟಿಲಿ. ತಮ್ಮ ಬದುಕಿನ ಕಥೆಯನ್ನೇ ರಂಗದ ಮೇಲೆ ಒಬ್ಬರೇ ನಿಂತು ಹೇಳಿ ಜನರನ್ನ ನಗಿಸಿದವರು. 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ಗೆ ಜನ ಚಮಕಿ ಹಾಕಿಕೊಂಡೇ ಬಂದಿದ್ದರು. ಸಾವಿನ ಮನೆಗೂ ಚಮಕಿ! ಅಳೋಕೆ ಗೊತ್ತಿಲ್ಲದವರಲ್ಲ ಅವರು.

ನಾವೇನು ಕಡಿಮೆ ಇಲ್ಲ ಬಿಡಿ. ನಮ್ಮ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೊ ನೀವೂ ಕಳಿಸಿದ್ರಿ, ನಾನೂ ಕಳಿಸಿದೆ. ಕೆಳಗೆ ಎಲ್ಲರದೂ ಅಳುವ ಮುಖದ ಎಮೋಜಿ. ತಲೆ ಮೇಲೆ ಕೊಡ ಹೊತ್ತು ಕುಣಿಯುವಾಗ ಕತ್ತು ಹೇಗೆ ನಿಲ್ಲಿಸ್ತಾರೆ ಅಂತ ಯಾರಾದರೂ ಕೇಳಿದ್ರಾ?

ನಮ್ಮವ್ವ ಕೇಳ್ತಿದ್ದಳು. ಅಂದರೆ, ಕೇಳದೆ ವಿಧಿಯಿರಲಿಲ್ಲ. ಯಲ್ಲಮ್ಮನ ಜಾತ್ರೆ ಮುಂಚೆ ಮಂಜಮ್ಮನಂಥ ಒಬ್ಬ ಜೋಗಮ್ಮ ಜಂಪರ್ ಹೊಲಿಸೋಕೆ ಬರುತ್ತಿದ್ದಳು. ‘ಏನವ್ವಾ, ಬೆನ್ನು ಇಷ್ಟು ಮ್ಯಾಲ ಇಟ್ಟಿಯಲ್ಲ, ನಾ ಏನು ಮುದುಕಿ ಆಗೇನೇನು?’ ಅಂತ ಜಗಳ. ಅವ್ವ ಬೈದುಕೊಂಡೇ ಬಿಚ್ಚಿ, ಮತ್ತೆ ಹೊಲಿದು ಕೊಡೋಳು. ಆಗ ನಾನು ಎಲ್ಲಿದ್ದೆ? ಬಾಗಿಲ ಹಿಂದೆ. ಹೆದರಿಕೆ. ಹತ್ತು ವರ್ಷದವಳು ಅಂತ ನೀವು ಮಾಫಿ ಕೊಡಬಹುದು, ಆದರೆ ಹದಿನಾರಕ್ಕೂ ಅಲ್ಲೇ ನಿಂತಿರುತ್ತಿದ್ದೆ.

ಇನ್ನೂ ಒಂದು ಹೇಳಿಬಿಡ್ತೀನಿ. ಶನಿವಾರ ಎಲ್ಲರಿಗೂ ಮನಸ್ಸಲ್ಲೇ ಬೈದುಕೊಂಡು, ಹಸಿರು ಗೌನಿನವಳ ಹತ್ತಿರ ಹೋಗಿ ನಾನು ಮೊದಲು ಕೇಳಿದ್ದು ಏನು ಗೊತ್ತಾ? ‘ನಿಮ್ಮ ಅಮ್ಮ ನಿಮ್ಮ ಜೊತೆ ಮಾತಾಡ್ತಾರಾ?’ ಥೂ ನನ್ನ ಬಾಯಿಗೆ!

ಅವಳು ಉತ್ತರ ಕೊಡಲಿಲ್ಲ. ಕಣ್ಣು ನನ್ನ ಇಳಕಲ್ ಸೀರೆ ಮೇಲಿತ್ತು. (ಹೌದು, ಬೇಳೆ ತರೋಕೂ ಇಳಕಲ್ ಸೀರೆ. ನಗಬೇಡಿ.) ನಾನು ತಕ್ಷಣ ಗೌನಿನ ಅಂಚು ತೋರಿಸಿ, ಇದು ಹೇಗೆ ಇಷ್ಟು ಸುರುಳಿ ನಿಂತಿದೆ ಅಂದೆ. ಅಂಚು ಮಗುಚಿ ತೋರಿಸಿದಳು. ಒಳಗೆ ಮೀನು ಹಿಡಿಯೋ ಗಾಳದ ದಾರ ಸೇರಿಸಿ ಮಡಚಿ ಹೊಲಿದಿದ್ದಳು! ಮೂವತ್ತು ವರ್ಷದಿಂದ ಮಷೀನ್ ತುಳಿದವಳು ನಾನು, ಇದು ಹೊಳೆದಿರಲಿಲ್ಲ.

ಆಮೇಲೆ ನನ್ನ ಸೆರಗು ಕೈಗೆ ತಗೊಂಡಳು. ಕೆಂಪು ಸೆರಗು ಕಪ್ಪು ಒಡಲಿಗೆ ಸೇರೋ ಜಾಗ ಹುಡುಕಿದಳು. ಅಲ್ಲಿ ಹೊಲಿಗೆ ಇಲ್ಲ, ಮಗ್ಗದ ಮೇಲೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸ್ತಾರೆ ಅಂದೆ. ನಂಬಲಿಲ್ಲ. ಸೆರಗನ್ನ ಬಲ್ಬಿನ ಹತ್ತಿರ ಎಳೆದುಕೊಂಡು, ಬಣ್ಣ ಹಚ್ಚಿದ ಉಗುರಿನಿಂದ ಕೆರೆದು ಕೆರೆದು ನೋಡಿದಳು. ‘ಸುಳ್ಳು ಹೇಳ್ತಿದ್ದೀಯಾ, ದಾರ ಎಲ್ಲಿ?’ ಅಂದಳು.