ರಿಪೋರ್ಟ್ ಹೇಳುವುದನ್ನೂ ಕಲಿಸಬೇಕಲ್ವಾ?

ನಾನು ಕೆಲಸ ಮಾಡುವ ಇಂಗ್ಲೆಂಡಿನ ವಾರ್ಡಿನಲ್ಲಿ ಮೊನ್ನೆ ಎರಡನೇ ವರ್ಷದ ನರ್ಸಿಂಗ್ ಹುಡುಗಿಯೊಬ್ಬಳು ಡಾಕ್ಟರಿಗೆ ಫೋನ್ ಮಾಡಿದಳು. ಪಕ್ಕದಲ್ಲೇ ನಿಂತು ಕೇಳಿದೆ. ಖುಷಿಯಾಯಿತು, ಹೊಟ್ಟೆಯೂ ಉರಿಯಿತು.

ಲ್ಯಾಬಿನಿಂದ ಪೊಟ್ಯಾಸಿಯಂ 6.7 ಅಂತ ಬಂದಿತ್ತು. ಅಷ್ಟು ಏರಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ರಕ್ತ ತೆಗೆಯುವಾಗ ಕಣಗಳು ಒಡೆದರೂ ಈ ಸಂಖ್ಯೆ ಸುಮ್ಸುಮ್ನೆ ಏರುತ್ತದೆ. ಹಾಗೇನಾದರೂ ಆಗಿದೆಯಾ ಅಂತ ಲ್ಯಾಬಿನವರನ್ನು ಮೊದಲೇ ಕೇಳಿಕೊಂಡಿದ್ದಳು. ತಾನು ವಿದ್ಯಾರ್ಥಿನಿ ಅಂತ ಹೇಳಿ, ರೋಗಿಯ ಹೆಸರು, ಹುಟ್ಟಿದ ತಾರೀಖು ಕೊಟ್ಟಳು. "ಪೊಟ್ಯಾಸಿಯಂ 6.7. ನಿನ್ನೆ 5.1 ಇತ್ತು. ಕಿಡ್ನಿ ತೊಂದರೆ ಇದೆ. ಇಸಿಜಿ ಮಾಡ್ತಾ ಇದ್ದೀವಿ. ನೀವು ಈಗಲೇ ಬಂದು ನೋಡಬೇಕು." ಆಮೇಲೆ, "ಆ ಸಂಖ್ಯೆ ಒಮ್ಮೆ ವಾಪಸ್ ಹೇಳ್ತೀರಾ?" ಅಂದಳು. ಡಾಕ್ಟರ್ ಹೇಳಿದರು. ಹೊತ್ತು ನೋಡಿ ಬರೆದುಕೊಂಡಳು.

ಈ ಕ್ರಮಕ್ಕೆ ಎಸ್‌ಬಿಎಆರ್ ಅನ್ನುತ್ತಾರೆ. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತಿದೆ, ಏನು ಆಗಬೇಕು. ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ. ಮೊದಲ ಮೂರು ಯಾರಿಗಾದರೂ ಬರುತ್ತವೆ. ನಾಲ್ಕನೆಯದರಲ್ಲೇ ನಮ್ಮ ಕಡೆಯ ಹುಡುಗಿಯರ ಗಂಟಲು ಕಟ್ಟುತ್ತದೆ. ಡಾಕ್ಟರಿಗೆ "ನೀವು ಬರಬೇಕು" ಅನ್ನುವುದೇ? ರೌಂಡ್ಸ್ ಬಂದಾಗ ಫೈಲ್ ಹಿಡಿದು ಹಿಂದೆ ನಿಂತವರಿಗೆ ಬಾಯಿ ಬಿಡುವ ಅಭ್ಯಾಸವನ್ನು ಯಾರೂ ಮಾಡಿಸಲಿಲ್ಲ. ಪುಸ್ತಕದಲ್ಲಿ ಕಮ್ಯುನಿಕೇಶನ್ ಅಂತ ಪಾಠ ಇತ್ತು. ಪರೀಕ್ಷೆಯಲ್ಲಿ ಬರೆದೆವು, ಮಾರ್ಕ್ಸ್ ಬಂತು, ಮುಗೀತು.

ರೋಗಿಯ ವಿಷಯದಲ್ಲಂತೂ ಇನ್ನೂ ಬೇಜಾರು. ಊರಲ್ಲಿ ನಮ್ಮ ಅತ್ತೆ ಶುಗರ್ ರಿಪೋರ್ಟ್ ಕೇಳಿದಾಗ ಸಿಸ್ಟರ್ ಹೇಳಿದ್ದು ಇಷ್ಟೇ: "ಸ್ವಲ್ಪ ಜಾಸ್ತಿ ಇದೆ ಅಮ್ಮ, ಡಾಕ್ಟರ್ ಹೇಳ್ತಾರೆ." ಡಾಕ್ಟರ್ ಬಂದರು, ಮಗನಿಗೆ ಹೇಳಿದರು, ಹೋದರು. ಅದು ಎಚ್‌ಬಿಎ1ಸಿ, ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ ಅನ್ನೋದು ಅತ್ತೆಯ ತನಕ ಬರಲೇ ಇಲ್ಲ. ಹಿಂದಿನ ದಿನ ಊಟ ಬಿಟ್ಟಿದ್ದರೆ ಸರಿಹೋಗುತ್ತಿತ್ತು ಅಂತ ಅವರು ಇವತ್ತಿಗೂ ನಂಬಿದ್ದಾರೆ.

ಇಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ಒಂದು ಮಾತು ನನಗೆ ತುಂಬಾ ಇಷ್ಟ. "ನಾನು ಸರಿಯಾಗಿ ಹೇಳಿದೆನಾ ಅಂತ ನೋಡ್ಕೋಬೇಕು. ಮನೆಯವರಿಗೆ ಇದನ್ನ ಹೇಗೆ ಹೇಳ್ತೀರಿ, ನನಗೂ ಹೇಳಿ." ಅರ್ಥವಾಗದಿದ್ದರೆ ತಪ್ಪು ಹೇಳಿದವರದು, ಕೇಳಿದವರದಲ್ಲ. ಕ್ಯಾನ್ಸರಿನಂಥ ಸುದ್ದಿಯನ್ನು ವಿದ್ಯಾರ್ಥಿ ತಾನೇ ಹೇಳುವ ಹಾಗಿಲ್ಲ. ಆಗ "ನನಗೆ ಹೇಳೋಕೆ ಬರಲ್ಲ, ಹೇಳಬಲ್ಲವರನ್ನು ಕರೀತೀನಿ" ಅನ್ನಬೇಕು, ಕರೆದೂ ತರಬೇಕು. "ಡಾಕ್ಟರ್ ಹೇಳ್ತಾರೆ" ಅಂದು ಮುಖ ತಿರುಗಿಸಿ ಹೋಗುವುದಕ್ಕೂ ಇದಕ್ಕೂ ಅಜಗಜಾಂತರ.

ಒಪ್ಪಬೇಕಾದ್ದನ್ನೂ ಒಪ್ಪಲೇಬೇಕು. ಅತ್ತೆಯ ಸಿಸ್ಟರಿಗೆ ಆ ಹೊತ್ತಿನಲ್ಲಿ ಇಡೀ ವಾರ್ಡು ಒಬ್ಬರದೇ ಹೊಣೆ. ಕೂತು ವಿವರಿಸೋಕೆ ಅವರಿಗೆ ಪುರುಸೊತ್ತೆಲ್ಲಿ? ಇಲ್ಲಿಯೂ ಎಲ್ಲ ಸರಿ ಇಲ್ಲ. ಕೆಲವು ರಿಪೋರ್ಟು ಯಾರೂ ಮಾತಾಡುವ ಮೊದಲೇ ಫೋನಿನ ಆ್ಯಪಿಗೆ ಬಂದು ಬೀಳುತ್ತವೆ. ಒಂಟಿಯಾಗಿರುವ ಮುದುಕರು ಅದನ್ನು ನೋಡಿಕೊಂಡು ರಾತ್ರಿ ಕಳೆಯುತ್ತಾರೆ. ಊರಲ್ಲಿ ಹಾಸಿಗೆ ಸುತ್ತ ಮನೆ ಮಂದಿಯಾದರೂ ಇರುತ್ತಾರೆ. "ಗಾಬರಿ ಆಗ್ಬೇಡಿ ಅಮ್ಮ" ಅಂತ ಅತ್ತೆಯ ಕೈ ಹಿಡಿದದ್ದೂ ಅದೇ ಸಿಸ್ಟರ್.

ಆದರೂ ನನ್ನ ಬೇಡಿಕೆ ದೊಡ್ಡದೇನಲ್ಲ. ಊರಿನ ನರ್ಸಿಂಗ್ ಕಾಲೇಜಿನ ಪ್ರಾಕ್ಟಿಕಲ್ಸಿನಲ್ಲಿ ಇಂಜೆಕ್ಷನ್ ಜೊತೆ ಒಂದು ಫೋನ್ ಕಾಲ್ ಕೂಡ ಇರಲಿ. ಆ ಕಡೆ ಫೋನ್ ಎತ್ತೋಕೆ ಮೆಡಿಕಲ್ ಕಾಲೇಜಿನ ಹುಡುಗರನ್ನೇ ಕೂರಿಸಿ. ಸಂಖ್ಯೆ ವಾಪಸ್ ಹೇಳುವುದನ್ನು ಅವರೂ ಕಲಿಯಬೇಕು.