ಜಮಾನೂ ಇಲ್ಲೇ, ಖರ್ಚೂ ಇಲ್ಲೇ

ನಮ್ಮ ಮನೆತನದಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ. ಅಂದರೆ ಕೀಬೋರ್ಡ್ ನೋಡದೆ ಟೈಪ್ ಮಾಡುತ್ತೇನೆ, ಅಷ್ಟೇ. ಒಮ್ಮೆ ಅತ್ತಿಯ ಮೊಬೈಲನ್ನು ಬಂದ್ ಮಾಡಿ ಚಾಲೂ ಮಾಡಿ 'ರಿಪೇರಿ' ಮಾಡಿಕೊಟ್ಟಿದ್ದೆ. ಹೆಸರು ನಿಂತುಬಿಟ್ಟಿತು.

ಹಾಗಾಗಿ ಕಲಬುರಗಿ ಗಂಜಿನಲ್ಲಿರುವ ಕಾಕಾನ ಅಡತಿ ಅಂಗಡಿಗೆ ಇಂಟರ್ನೆಟ್ ಹಾಕಿಸಿದಾಗ ಫೋನ್ ನನಗೇ ಬಂತು. "ತಮ್ಮಾ, ನೆಟ್ ಮುಂದಿನ ಖೋಲಿಗಷ್ಟೇ ಬರ್ತದ. ಹಿಂದಿನ ಗೋದಾಮಿಗೆ ಬರವಲ್ದು. ಲಗೂನ ಬಾ."

ಹೇಗೆ ಬಂದೀತು? ನಡುವೆ ಇರುವುದು ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. 5 ಗಿಗಾಹರ್ಟ್ಸ್ ವೈಫೈ ಅದನ್ನು ನೋಡಿಯೇ ಸೋತಿತ್ತು. 2.4 ಸ್ವಲ್ಪ ಗಟ್ಟಿ ಜೀವ, ಅದೂ ಒಂದು ಕಡ್ಡಿಯಷ್ಟೇ ತೋರಿಸಿ ಸುಮ್ಮನಾಗಿತ್ತು. ವೈರ್ ಎಳೆಯುವುದೇ ಸರಿ ಎಂದೆ. ನೆಟ್‌ವರ್ಕ್ ಕೇಬಲನ್ನು 100 ಮೀಟರ್‌ವರೆಗೆ ಎಳೆಯಬಹುದು, ನಮಗೆ ಮೂವತ್ತೂ ಬೇಕಿರಲಿಲ್ಲ. ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಹೋಗಿ ಚೌಕಾಸಿ ಮಾಡಿ ಎಂಟು ಪೋರ್ಟಿನ, ಅಂದರೆ ಎಂಟು ವೈರು ಸಿಕ್ಕಿಸುವ, ನೆಟ್‌ವರ್ಕ್ ಸ್ವಿಚ್ ತಂದೆ. ಮೊದಲ ಅಂಗಡಿಯವನು ಫ್ಯಾನಿನ ಸ್ವಿಚ್ ತೋರಿಸಿದ್ದ, ಬಿಡಿ.

"ಆಗಲೇ ಒಂದು ಡಬ್ಬಿ ಅದಲ್ಲೋ, ಇದ್ಯಾಕ?" ಎಂದರು ಕಾಕಾ.

ಪಾಠ ಮಾಡುವ ಅವಕಾಶ ಬಿಡುವುದುಂಟಾ? "ಕಾಕಾ, ಮೊದಲು ಹಬ್ ಅಂತ ಇತ್ತು. ಜಾತ್ರಿ ಮೈಕ್ ಇದ್ದಂಗ, ಒಬ್ಬರಿಗೆ ಹೇಳಿದ್ದು ಎಲ್ಲಾರಿಗೂ ಕೇಳಸ್ತಿತ್ತು. ಸ್ವಿಚ್ ನಮ್ಮ ಹಮಾಲ ಇದ್ದಂಗ. ಒಂದು ಸಲ ಮಷೀನಿನ ನಂಬರ್ ನೋಡಿದ್ರ ಯಾರು ಯಾವ ಬಾಗಿಲದಾಗ ಇದ್ದಾರ ಅಂತ ನೆನಪಿಡ್ತದ, ಅವರ ಚೀಲ ಅಲ್ಲೇ ಇಳಸ್ತದ. ಆದ್ರ ಇಬ್ಬರೂ ಗಂಜಿನೊಳಗೇ ತಿರುಗೋರು. ಊರು ದಾಟಬೇಕಂದ್ರ ರೂಟರ್ ಬೇಕು. ಅದು ವಾಡಿ ಜಂಕ್ಷನ್. ಸೊಲ್ಲಾಪುರ ಕಡಿಂದ ಬಂದದ್ದನ್ನ ಗುಂತಕಲ್ಲಿಗೋ ಸಿಕಂದರಾಬಾದಿಗೋ ದಾರಿ ನೋಡಿ ಹಚ್ಚತದ."

ಕಾಕಾ ತಲೆ ಆಡಿಸಿದರು. ತಿಳಿದು ಆಡಿಸಿದರೋ, ತೂಕಡಿಸಿದರೋ. ಮೂಲೆಯಲ್ಲಿ ಮುನೀಮರು ಮಾತ್ರ ಲೆಕ್ಕ ಬರೆಯುತ್ತಲೇ ಎಲ್ಲ ಕೇಳಿಸಿಕೊಂಡರು.

ಕಂಪ್ಯೂಟರ್, ಪ್ರಿಂಟರ್, ಗೋದಾಮಿನ ಕ್ಯಾಮೆರಾ, ಎಲ್ಲ ನಡೆಯಿತು. ಆಗಲೇ ಮನೆಗೆ ಹೋಗಬೇಕಿತ್ತು. ಅಂಗಡಿ ಮುಚ್ಚುವ ಹೊತ್ತು, ಮಷೀನುಗಳೆಲ್ಲ ಬಂದ್. ಸ್ವಿಚ್ಚಿನಿಂದ ಒಂದು ವೈರು ಸುಮ್ನೆ ಜೋತಾಡುತ್ತಿತ್ತು. ಜೋತಾಡುವುದನ್ನು ಕಂಡರೆ ನನಗಾಗುವುದಿಲ್ಲ. ಅದರ ತುದಿಯನ್ನು ಅದೇ ಸ್ವಿಚ್ಚಿನ ಖಾಲಿ ಪೋರ್ಟಿಗೆ ಸಿಕ್ಕಿಸಿ, ಚೆಂದ ನೋಡಿ ಮನೆಗೆ ಬಂದೆ.

ಬೆಳಿಗ್ಗೆ ಫೋನು. "ತಮ್ಮಾ, ಏನೂ ನಡೆವಲ್ದು!"

ಜನವರಿ ತಿಂಗಳು. ಹೊಸ ತೊಗರಿಯ ಗಾಡಿಗಳು ಬಾಗಿಲಲ್ಲಿ ನಿಂತಿವೆ, ಒಳಗೆ ಒಂದು ಬಿಲ್ಲೂ ಹೊರಡುತ್ತಿಲ್ಲ. ಸ್ವಿಚ್ಚಿನ ಲೈಟುಗಳು ಮಾತ್ರ ಶರಣಬಸವೇಶ್ವರ ಜಾತ್ರೆಯ ಸೀರಿಯಲ್ ಸೆಟ್ಟಿನಂತೆ ಪಕಪಕ ಅನ್ನುತ್ತಿವೆ. ಜಾಸ್ತಿ ಮಿನುಗಿದರೆ ಜಾಸ್ತಿ ಕೆಲಸ ಮಾಡುತ್ತಿದೆ ಎಂದುಕೊಂಡೆ, ನೋಡಿ.

ರೂಟರಿನ ವಿಳಾಸ 192.168.1.1 ಹೊಡೆದೆ. ರೂಟರ್ ಬಾಗಿಲೇ ತೆಗೆಯಲಿಲ್ಲ. ನೆಟ್ ಕೊಟ್ಟವರ ಸಹಾಯವಾಣಿಯಲ್ಲಿ ಅರ್ಧ ತಾಸು ಸಂಗೀತ ಕೇಳಿದೆ. ಇಲಿ ಕಡಿದಿರಬೇಕೆಂದು ಚೀಲಗಳನ್ನು ಸರಿಸಿದೆ. ಗೋದಾಮಿನ ಕೇಬಲ್ಲಿನ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿದೆ. ಎಂಟು ಎಳೆ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಇರಬೇಕಾದಲ್ಲಿ ಹಸಿರು ಕೂತಿತ್ತು. ಮತ್ತೆ ಕತ್ತರಿಸಿದೆ. ಈ ನಡುವೆ ಮೂರು ಚಹಾ ಆದವು.

ಕೊನೆಗೆ ಮುನೀಮರು ಪೆನ್ನು ಕೆಳಗಿಟ್ಟರು. ಕನ್ನಡಕ ಹಣೆಗೇರಿಸಿ, ಆ ಚೆಂದದ ವೈರಿನ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿವರೆಗೆ ಸವರಿದರು.

"ಸಾಹೇಬ್ರ, ಈ ವೈರು ಜಮಾನೂ ಇಲ್ಲೇ, ಖರ್ಚೂ ಇಲ್ಲೇ ಅದಲ್ರೀ. ಹಿಂಗಾದ್ರ ಲೆಕ್ಕ ಮುಗಿಯೋದು ಹ್ಯಾಂಗ್ರೀ?"

ಎದೆ ಧಸಕ್ಕೆಂದಿತು. ಒಂದು ಮಷೀನು "ಯಾರಿದ್ದೀರಿ?" ಎಂದು ಕೂಗಿದರೆ ಸ್ವಿಚ್ ಅದನ್ನು ಉಳಿದೆಲ್ಲ ಬಾಗಿಲಿಗೂ ಮುಟ್ಟಿಸುತ್ತದೆ. ನನ್ನ ವೈರಿನ ದಯೆಯಿಂದ ಆ ಕೂಗು ಒಂದು ಬಾಗಿಲಿಂದ ಹೋಗಿ ಇನ್ನೊಂದರಿಂದ ಒಳಗೆ ಬಂದಿದೆ. ಸ್ವಿಚ್ಚಿಗೆ ಅದು ಹೊಸ ಕೂಗು. ಮತ್ತೆ ಎಲ್ಲರಿಗೂ ಮುಟ್ಟಿಸಿದೆ. ರೂಟರ್ ದಾಟುವ ಪ್ಯಾಕೆಟ್ಟಿಗಾದರೂ, ಅಂದರೆ ಮಾಹಿತಿಯ ಗಂಟಿಗಾದರೂ, ಆಯುಷ್ಯ ಬರೆದಿರುತ್ತದೆ, ದಾಟಿದಂತೆಲ್ಲ ಒಂದೊಂದು ಕಡಿಮೆ. ಸ್ವಿಚ್ಚಿನೊಳಗೆ ಸುತ್ತುವ ಈ ಕೂಗಿಗೆ ಸಾವೇ ಇಲ್ಲ. ಇದಕ್ಕೆ ರಾಡಿಯಾ ಪರ್ಲ್‌ಮನ್ ಎಂಬಾಕೆ 1985ರಲ್ಲೇ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ ಮಾಡಿದ್ದಾರೆ. ಸುತ್ತು ಕಂಡರೆ ಸ್ವಿಚ್ಚೇ ಒಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ನಾನು ಚೌಕಾಸಿ ಮಾಡಿ ತಂದದ್ದರಲ್ಲಿ ಅದಿರಲಿಲ್ಲ.

ವೈರು ಕಿತ್ತೆ. ಲೈಟುಗಳು ಉಸಿರು ಬಿಟ್ಟವು. ಬಿಲ್ಲುಗಳು ಹೊರಟವು.

"ಏನಾಗಿತ್ತೋ?" ಎಂದರು ಕಾಕಾ.

"ಮ್ಯಾಲಿಂದನೇ ಪ್ರಾಬ್ಲಮ್ ಇತ್ತು ಕಾಕಾ."

ಮುನೀಮರು ಖಾತೆಯಿಂದ ತಲೆ ಎತ್ತಲಿಲ್ಲ. ಕಾಕಾ ಹೊರಗೆ ಹೋದ ಮೇಲೆ ಮೆಲ್ಲಗೆ ಕೇಳಿದರು. "ನಮ್ಮ ಮನ್ಯಾಗೂ ವೈಫೈ ಹಚ್ಚಬೇಕಾಗಿತ್ರೀ. ನಿಮ್ಮ ಕೂಲಿ ಎಷ್ಟಾಗ್ತದ?"

"ಛೇ, ನಿಮ್ಮ ಹತ್ರ ರೊಕ್ಕ ತಗೋತೀನೇನ್ರೀ? ಐತವಾರ ಬರ್ತೀನಿ," ಎಂದೆ.